ಡಿಶ್ ತಿರುಗಿಸೋಕೆ ಯಾವ ಡಿಗ್ರಿ ಬೇಕು?

ಒಂದು ಪ್ರಶ್ನೆ. ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ತಾರಸಿ ಮೇಲಿರೋ ಡಿಶ್ ಯಾವ ದಿಕ್ಕಿಗೆ ಮುಖ ಮಾಡಿದೆ?

ಆಫೀಸಿನ ಕ್ಯಾಂಟೀನಿನಲ್ಲಿ ಇದೇ ಪ್ರಶ್ನೆ ಕೇಳಿ ನೋಡಿದ್ದೇನೆ. ಟೇಬಲ್ಲಿನ ಸುತ್ತ ಕೂತವರೆಲ್ಲ ಇಂಜಿನಿಯರುಗಳೇ, ಅದರಲ್ಲಿ ಇಬ್ಬರು ಎಲೆಕ್ಟ್ರಾನಿಕ್ಸ್ ಓದಿದವರು. ಒಬ್ಬ ‘ಆಕಾಶಕ್ಕೆ’ ಅಂದ. ಇನ್ನೊಬ್ಬಳು ‘ಹಾಕಿಹೋದ ಹುಡುಗನ್ನೇ ಕೇಳ್ಬೇಕು’ ಅಂದಳು. ಎಲ್ಲರೂ ನಕ್ಕರು. ಆದರೆ ಅದೇ ಗುಂಪಿನ ಒಬ್ಬ ಹೊಸ ಬಾಡಿಗೆ ಮನೆಗೆ ಹೋದ ಮೇಲೆ, ಡಿಶ್ ಕೂರಿಸೋರು ಬರಲಿಲ್ಲ ಅಂತ ಹನ್ನೊಂದು ದಿನ ಟಿವಿ ಇಲ್ಲದೆ ಕೂತಿದ್ದ. ದಿನಕ್ಕೆರಡು ಸಲ ಕಸ್ಟಮರ್ ಕೇರಿಗೆ ಫೋನ್ ಮಾಡಿ ಗಂಟಲು ಹರಿದುಕೊಂಡಿದ್ದ. ಡಿಶ್ ಬಾಲ್ಕನಿಯಲ್ಲೇ ಬಿದ್ದಿತ್ತು. ಸ್ಪ್ಯಾನರೂ ಮನೆಯಲ್ಲಿತ್ತು.

ಅನಲಾಗ್ ಕೇಬಲ್ ಬಿಟ್ಟು ಡಿಜಿಟಲ್‌ಗೆ ಬನ್ನಿ ಅಂತ ಸರ್ಕಾರ ಬೆಂಗಳೂರಿಗೂ ಮೈಸೂರಿಗೂ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಆ ಗಲಾಟೆಯಲ್ಲಿ ನಮ್ಮ ತಾರಸಿಗಳ ಮೇಲೆ ಮಳೆಗಾಲದ ಅಣಬೆ ಎದ್ದ ಹಾಗೆ ಡಿಶ್‌ಗಳೆದ್ದವು. ನಮ್ಮ ಬಾಡಿಗೆ ಕರಾರು ನೋಡಿದರೆ 11 ತಿಂಗಳದ್ದು. ಮನೆ ಬಿಟ್ಟಾಗಲೆಲ್ಲ ಡಿಶ್ ಬಿಚ್ಚು, ಹೊಸ ಮನೇಲಿ ಮತ್ತೆ ಹಾಕು. ಪ್ರತಿ ಸಲಾನೂ ಅದಕ್ಕೊಂದು ‘ರೀಲೊಕೇಶನ್’ ಚಾರ್ಜು, ಜೊತೆಗೆ ಒಂದು ಶನಿವಾರ ದಂಡ.

ನನ್ನ ವಾದ ಇಷ್ಟೇ. ಡಿಶ್ ಕೂರಿಸೋ ಕೆಲಸದಲ್ಲಿ ಎರಡು ಭಾಗ ಇದೆ. ಒಂದು ತಿಳಿವಳಿಕೆ, ಇನ್ನೊಂದು ಅಪಾಯ. ಮೊದಲನೆಯದನ್ನು ನಾವೇ ಕಲಿತು ಮಾಡಬೇಕು. ಎರಡನೆಯದಕ್ಕೆ ಸರಿಯಾದ ಜನ, ಸರಿಯಾದ ಹಗ್ಗ, ಸರಿಯಾದ ದುಡ್ಡು ಬೇಕು. ನಾವು ಮಾಡ್ತಿರೋದು ಉಲ್ಟಾ. ಕಲಿಯಬಹುದಾದ್ದಕ್ಕೆ ‘ನಮಗೆ ಬರಲ್ಲಪ್ಪ’ ಅಂತ ಕೈಯೆತ್ತುತ್ತೇವೆ. ಅಪಾಯವನ್ನು ‘ಅದು ಅವನ ಕೆಲಸ’ ಅಂತ ಇನ್ನೊಬ್ಬನ ತಲೆಗೆ ಕಟ್ಟುತ್ತೇವೆ.

ಮೊದಲು ತಿಳಿವಳಿಕೆ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತೆ, ಹಾಗಾಗಿ ನಮಗೆ ನಿಂತಲ್ಲೇ ನಿಂತ ಹಾಗೆ ಕಾಣುತ್ತೆ. 2013ರಲ್ಲಿ ಟಾಟಾ ಸ್ಕೈದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿತ್ತು, ಡಿಶ್ ಟಿವಿಯದು 95ರಲ್ಲಿ, ತಿಂಗಳ ಬಾಡಿಗೆಯೇ ಇಲ್ಲದ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ 93.5ರ ಇನ್ಸಾಟ್-4ಬಿಯಲ್ಲಿತ್ತು. ನಾವು ಬೆಂಗಳೂರಿನವರು ಇರೋದು 77.6ರಲ್ಲಿ. ಅಂದ್ರೆ ಇವೆಲ್ಲವೂ ನಮ್ಮ ಪೂರ್ವಕ್ಕೆ, ದಕ್ಷಿಣಕ್ಕೆ.

ಆ 93.5 ಡಿಗ್ರಿಯ ಜಾಗವನ್ನೇ ತಗೊಳ್ಳಿ. ಬೆಂಗಳೂರಿನಿಂದ ಅದರ ದಿಕ್ಕು ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ ಸುಮಾರು 128 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ಚೂರು ಪೂರ್ವಕ್ಕೆ. ಎತ್ತರ ದಿಗಂತದಿಂದ ಸುಮಾರು 66 ಡಿಗ್ರಿ. ಮೂರನೆಯದು ಎಲ್‌ಎನ್‌ಬಿಯ ತಿರುವು. ಡಿಶ್ಶಿನ ಮುಂದೆ ಮೂಗಿನ ಹಾಗೆ ಚಾಚಿಕೊಂಡಿರೋ ಡಬ್ಬಿಯೇ ಎಲ್‌ಎನ್‌ಬಿ, ಅದನ್ನು ಅದರ ಹಿಡಿಯೊಳಗೇ ತಿರುಗಿಸಿ ಕೂರಿಸಬೇಕು. ಮೂರೇ ಅಂಕಿ. ಊರಿನ ಹೆಸರು, ಉಪಗ್ರಹದ ಹೆಸರು ಕೊಟ್ಟರೆ ಈ ಮೂರನ್ನೂ ಲೆಕ್ಕ ಹಾಕಿಕೊಡೋ ಆಪ್ ನಿಮ್ಮ ಜೇಬಿನ ಫೋನಿಗೇ ಸಿಗುತ್ತೆ.

ಮೊದಲ ಸಲ ಮಾಡೋರು ಮುಗ್ಗರಿಸೋದು ಎತ್ತರದಲ್ಲಿ. 66 ಡಿಗ್ರಿ ಅಂದಕೂಡಲೇ ಡಿಶ್ಶನ್ನು ಅಂಗಾತ ಮಲಗಿಸಿಬಿಡ್ತಾರೆ. ನಮ್ಮ ಮನೆಗಳ ಪುಟ್ಟ ಡಿಶ್ ಆಫ್‌ಸೆಟ್ ಮಾದರಿಯದು. ಅದರ ಮುಖ ಎಲ್ಲಿ ನೋಡ್ತಿರೋ ಹಾಗೆ ಕಾಣುತ್ತೋ, ಕಣ್ಣು ಅದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಕ್ಕಿರುತ್ತೆ. ಕಂಬ ನೆಟ್ಟಗಿದ್ದರೆ ಡಿಶ್ಶಿನ ಹಿಂದಿನ ಪಟ್ಟಿಯಲ್ಲಿ ಅಚ್ಚಾಗಿರೋ ಗುರುತು ನಂಬಿ ಸಾಕು. ಕಂಬವೇ ವಾಲಿದ್ದರೆ ಯಾವ ಅಂಕಿಯೂ ಕೆಲಸಕ್ಕೆ ಬರಲ್ಲ. ಹಾಗಾಗಿ ರಸಮಟ್ಟ ಇಟ್ಟು ಕಂಬ ನೆಟ್ಟಗೆ ನಿಲ್ಲಿಸೋದೇ ಅರ್ಧ ಕೆಲಸ. ಇನ್ನೊಂದು ಮಾತು: ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಪಕ್ಕ ಹಿಡೀಬೇಡಿ. ಸುಳ್ಳು ಹೇಳುತ್ತೆ.

ದಕ್ಷಿಣದವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಉಪಗ್ರಹ ನಮಗೆ ತಲೆ ಮೇಲಕ್ಕೆ ಹತ್ತಿರ ಇರೋದರಿಂದ ಪಕ್ಕದ ಬಿಲ್ಡಿಂಗು ಅಷ್ಟು ಸುಲಭಕ್ಕೆ ಅಡ್ಡ ಬರಲ್ಲ. ಡಿಶ್ಶಿಗಿಂತ 10 ಮೀಟರ್ ಎತ್ತರದ ಗೋಡೆಯೂ 5 ಮೀಟರ್ ದೂರ ಇದ್ದರೆ ಸಾಕು. ತೆಂಗಿನ ಗರಿ ಮಾತ್ರ ನೋಡ್ಕೊಳ್ಳಿ, ಗಾಳಿಗೆ ತೂಗಿ ತೂಗಿ ಅಡ್ಡ ಬರುತ್ತೆ.

ಹಳೇ ಕಾಲದವರು ಇದನ್ನು ಓದಿ ನಗಬಹುದು. ದೂರದರ್ಶನ ಒಂದೇ ಇದ್ದಾಗ ನಮ್ಮ ಮನೆಯಲ್ಲಿ ಅಪ್ಪ ಹಂಚಿನ ಮೇಲೆ, ಅಮ್ಮ ಅಂಗಳದಲ್ಲಿ, ನಾನು ಟಿವಿ ಮುಂದೆ. ‘ಬಂತಾ?’ ‘ಇನ್ನೂ ಇಲ್ಲ!’ ‘ಈಗ?’ ‘ಬಂತು, ಬಂತು... ಹೋಯ್ತು!’ ಕಾಗೆ ಕೂತು ಸೊಟ್ಟ ಮಾಡಿದ ಆಂಟೆನಾ ಸರಿ ಮಾಡೋಕೆ ಯಾರೂ ಇಂಜಿನಿಯರನ್ನು ಕರೀತಿರಲಿಲ್ಲ. ಅವರಿಗಿಂತ ನಮಗೆ ಓದು ಹೆಚ್ಚು, ಸಲಕರಣೆ ಹೆಚ್ಚು, ಧೈರ್ಯ ಕಡಿಮೆ. ಉಪಗ್ರಹ ತಯಾರಾಗಿದ್ದು ಬೆಂಗಳೂರಲ್ಲಿ, ಅದನ್ನು ದಿನವೂ ನೋಡಿಕೊಳ್ಳೋ ಇಸ್ರೋ ಕೇಂದ್ರ ಇರೋದು ಹಾಸನದಲ್ಲಿ. ಅಷ್ಟೆಲ್ಲ ನಮ್ಮವರ ಕೈಲಿ ಆಗುತ್ತೆ, ತಾರಸಿ ಮೇಲಿನ ನಾಲ್ಕು ನಟ್ಟು ಮಾತ್ರ ನಮ್ಮ ಕೈಲಿ ಆಗಲ್ವಾ?

‘ನನ್ನ ಒಂದು ಗಂಟೆಗೆ ಎಷ್ಟು ಬೆಲೆ ಗೊತ್ತಾ? ನಾನ್ಯಾಕೆ ಸ್ಪ್ಯಾನರ್ ಹಿಡೀಲಿ?’ ಈ ಮಾತನ್ನು ನಮ್ಮ ಜನ ಬಹಳ ಠೀವಿಯಿಂದ ಹೇಳ್ತಾರೆ. ಸ್ವಾಮಿ, ಶನಿವಾರ ಬೆಳಿಗ್ಗೆ ನಿಮ್ಮ ಗಂಟೆಗೆ ಯಾರು ದುಡ್ಡು ಕೊಡ್ತಿದ್ದಾರೆ? ಎರಡು ಗಂಟೆ ಕೆಲಸ ಉಳಿಸೋಕೆ, ‘ಹತ್ತರಿಂದ ಆರರೊಳಗೆ ಯಾವಾಗ ಬೇಕಾದ್ರೂ ಬರ್ತಾರೆ’ ಅನ್ನೋ ಮೆಸೇಜ್ ನಂಬಿ ಇಡೀ ದಿನ ಮನೆಯಲ್ಲಿ ಕಾಯ್ತೀರಲ್ಲ, ಅದು ಯಾವ ಲೆಕ್ಕ? ಈ ಗಂಟೆಯ ಲೆಕ್ಕದ ಹಿಂದೆ ಇರೋದು ಗಣಿತ ಅಲ್ಲ. ಕೈಗೆ ಮಸಿ ಹತ್ತೋ ಕೆಲಸ ನಮ್ಮ ಅಂತಸ್ತಿನದಲ್ಲ ಅನ್ನೋ ಹಳೇ ರೋಗ. ಅದಕ್ಕೆ ಹೊಸ ಎಕ್ಸೆಲ್ ಶೀಟು ಹೊದಿಸಿದ್ದೇವೆ ಅಷ್ಟೆ.

ಇನ್ನೊಂದು ವಾದ ಸ್ವಲ್ಪ ತೂಕದ್ದು: ‘ದಿನಾ ಇದನ್ನೇ ಮಾಡೋನು ನಮಗಿಂತ ಚೆನ್ನಾಗಿ ಮಾಡ್ತಾನೆ.’ ಮಾಡಬಲ್ಲ, ನಿಜ. ನಮ್ಮ ಬೀದಿಗೆ ಬರೋ ಹುಡುಗ ದಿಕ್ಸೂಚಿ ಇಲ್ಲದೆ, ಪಕ್ಕದ ಮನೆ ಡಿಶ್ ನೋಡಿ, ಐದು ನಿಮಿಷದಲ್ಲಿ ಚಿತ್ರ ತರಿಸ್ತಾನೆ. ಆ ಕೈಗೆ ನನ್ನ ನಮಸ್ಕಾರ. ಆದರೆ ಅವನಿಗೆ ಸಂಬಳ ಇಲ್ಲ, ಮನೆ ಲೆಕ್ಕದಲ್ಲಿ ದುಡ್ಡು. ಒಂದು ಮನೆ ಮುಗಿಸಿ ಊರಿನ ಆಚೆ ತುದಿಯ ಇನ್ನೊಂದು ಮನೆಗೆ ಬೈಕಲ್ಲಿ ಓಡಬೇಕು, ಪೆಟ್ರೋಲೂ ಅವನದೇ. ಚಿತ್ರ ಬಂದ ಕ್ಷಣವೇ ಅವನ ಕೆಲಸ ಮುಗೀತು. ಚೆನ್ನಾಗಿ ಮಾಡೋಕೆ ಅವನಿಗೆ ಬರುತ್ತೆ, ಆದರೆ ಆ ಇನ್ನೊಂದರ್ಧ ಗಂಟೆಗೆ ಅವನಿಗೆ ಯಾರೂ ದುಡ್ಡು ಕೊಡಲ್ಲ.

ಆ ಅರ್ಧ ಗಂಟೆಯ ಬೆಲೆ ಗೊತ್ತಾಗೋದು ಮಳೆ ಬಂದಾಗ. ಹಳೇ ಆಂಟೆನಾದಲ್ಲಿ ಸಿಗ್ನಲ್ ಕಡಿಮೆಯಾದರೆ ಚಿತ್ರದಲ್ಲಿ ಚುಕ್ಕಿ ಬರ್ತಿತ್ತು, ಎಷ್ಟು ಕೆಟ್ಟಿದೆ ಅಂತ ಕಣ್ಣಿಗೇ ಕಾಣ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿದ್ದರೆ ಚಿತ್ರ ಸ್ಫಟಿಕದ ಹಾಗೆ, ಕೆಳಗಿಳಿದರೆ ಪೂರ್ತಿ ಕತ್ತಲೆ. ಹಾಗಾಗಿ ಬಿಸಿಲಿನ ದಿನ ಸರಿಯಾಗಿ ಕೂರಿಸಿದ ಡಿಶ್ಶೂ, ಒಂದೂವರೆ ಡಿಗ್ರಿ ತಪ್ಪಿ ಕೂರಿಸಿದ ಡಿಶ್ಶೂ ಒಂದೇ ಥರ ಚಿತ್ರ ಕೊಡುತ್ತವೆ. ಡಿಟಿಎಚ್ ಬಳಸೋ ಕೆಯು ಬ್ಯಾಂಡಿನ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಜೋರು ಮಳೆಯ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಆಗ ಅಂಚಿನಲ್ಲಿದ್ದ ಡಿಶ್ ಮೊದಲು ಬೀಳುತ್ತೆ. ಬೆಂಗಳೂರಲ್ಲಿ ಏಪ್ರಿಲ್-ಮೇ ಸಂಜೆ ಮಳೆಗೂ ಐಪಿಎಲ್ ಕೊನೇ ಓವರಿಗೂ ಅದೇನು ನಂಟೋ! ಭಾರೀ ಮಳೆಗೆ ಎಂಥ ಡಿಶ್ಶೂ ಕೆಲ ನಿಮಿಷ ಸೋಲುತ್ತೆ. ಆದರೆ ನಾಲ್ಕು ಹನಿಗೇ ಸೋಲೋದು ಮಳೆಯ ತಪ್ಪಲ್ಲ.

60 ಸೆಂಟಿಮೀಟರ್ ಡಿಶ್ಶಿನಲ್ಲಿ ಒಂದು ಡಿಗ್ರಿ ಅಂದರೆ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಓಡಾಟ, ಅಷ್ಟೇ. ಅದನ್ನು ಹುಡುಕೋದು ಹೀಗೆ: ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಇರುತ್ತೆ. ಸ್ಟ್ರೆಂತ್ ಮರೆತುಬಿಡಿ, ಬೇರೆ ಉಪಗ್ರಹ ಸಿಕ್ಕರೂ ಅದು ಏರುತ್ತೆ. ನೋಡಬೇಕಾದ್ದು ಕ್ವಾಲಿಟಿ. ಡಿಶ್ಶನ್ನು ಎಡಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಬಾಕ್ಸಿಗೆ ಸಿಗ್ನಲ್ ಹಿಡಿಯೋಕೆ ಅಷ್ಟು ಹೊತ್ತು ಬೇಕು. ಹಾಗೇ ಹೋಗಿ, ಕ್ವಾಲಿಟಿ ಬಿದ್ದುಹೋಗೋ ಜಾಗದಲ್ಲಿ ಕಂಬಕ್ಕೆ ಪೆನ್ನಿನಿಂದ ಒಂದು ಗೀಟು. ಬಲಕ್ಕೆ ಹೋಗಿ ಬೀಳೋ ಜಾಗದಲ್ಲಿ ಇನ್ನೊಂದು ಗೀಟು. ಎರಡರ ನಟ್ಟನಡುವೆ ನಿಲ್ಲಿಸಿ. ಎತ್ತರಕ್ಕೂ ಹಾಗೇ. ಎಲ್‌ಎನ್‌ಬಿ ತಿರುವಿಗೂ ಹಾಗೇ. ಆಮೇಲೆ ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಜರುಗುತ್ತೆ.

ಕೇಬಲ್ಲಿನದೂ ಒಂದೆರಡು ಮಾತು. ಕನೆಕ್ಟರ್ ಹಾಕೋವಾಗ ಹೊರಬಲೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಬಾಕ್ಸಿನಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗ್ತಿರುತ್ತೆ, ಹಾಗಾಗಿ ಕೇಬಲ್ ಮುಟ್ಟೋ ಮೊದಲು ಬಾಕ್ಸಿನ ಪ್ಲಗ್ ತೆಗೀರಿ. ಕಿಟಕಿಯೊಳಗೆ ಬರೋ ಮುಂಚೆ ಕೇಬಲ್ಲನ್ನು ಕೆಳಕ್ಕೆ ಒಂದು ಸುತ್ತು ಬಾಗಿಸಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ, ನಿಮ್ಮ ಟಿವಿ ತನಕ ಬರೋದು ಬೇಡ. ಮುಗೀತು, ಇಷ್ಟೇ ವಿದ್ಯೆ.

ಇನ್ನು ಅಪಾಯ. ಇಲ್ಲಿ ನನ್ನ ದನಿ ಬದಲಾಗುತ್ತೆ.

ಮೇಲೆ ಹೇಳಿದ್ದೆಲ್ಲ ಸುತ್ತ ಪ್ಯಾರಪೆಟ್ ಗೋಡೆ ಇರೋ ಸಮತಟ್ಟಾದ ಕಾಂಕ್ರೀಟ್ ತಾರಸಿಗೆ ಮಾತ್ರ. ಇಳಿಜಾರು ಹಂಚು, ಶೀಟಿನ ಮಾಡು, ಪ್ಯಾರಪೆಟ್ಟಿನ ಹೊರಮೈ, ಕೈಗೆಟುಕೋ ಹಾಗೆ ಕರೆಂಟಿನ ತಂತಿ ಹಾದುಹೋಗಿರೋ ಬಾಲ್ಕನಿ: ಇಲ್ಲೆಲ್ಲ ನೀವು ಹತ್ತಬೇಡಿ. ಶೌರ್ಯ ತೋರಿಸೋಕೆ ಟಿವಿ ತಕ್ಕ ಕಾರಣ ಅಲ್ಲ.

ಆದರೆ ‘ನೀವು ಹತ್ತಬೇಡಿ’ ಅಂದಕೂಡಲೇ ನಮ್ಮ ತಲೆಗೆ ಬರೋದು ‘ಹಾಗಾದ್ರೆ ಆ ಹುಡುಗ ಹತ್ತಲಿ’ ಅಂತ. ನನಗೆ ಸಿಟ್ಟು ಬರೋದು ಇಲ್ಲಿ. ನಮ್ಮ ಅಪಾರ್ಟ್‌ಮೆಂಟುಗಳ ಹೊರಗೋಡೆ ನೋಡಿ. ನಾಲ್ಕನೇ ಮಹಡಿಯ ಕಿಟಕಿ ಪಕ್ಕ, ಕೈ ಚಾಚಿದರೂ ಸಿಗದ ಜಾಗದಲ್ಲಿ ಡಿಶ್. ಅದನ್ನು ಯಾರು, ಹೇಗೆ ಅಲ್ಲಿ ಸಿಕ್ಕಿಸಿದ? ಒಂದು ಕೈಲಿ ಗ್ರಿಲ್ ಹಿಡಿದು, ಇನ್ನೊಂದು ಕೈಲಿ ಡ್ರಿಲ್ ಹಿಡಿದು, ಕಾಲನ್ನು ಸಜ್ಜೆಯ ಮೇಲಿಟ್ಟು. ಸೊಂಟಕ್ಕೆ ಹಗ್ಗ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ನಾವು ಒಳಗೆ ಸೋಫಾದಲ್ಲಿ ಕೂತು ‘ಹುಷಾರಪ್ಪಾ’ ಅಂದೆವು. ಇಳಿದು ಬಂದ ಮೇಲೆ ನೂರು ರೂಪಾಯಿ ಟಿಪ್ಸ್ ಕೊಟ್ಟು ದೊಡ್ಡ ಮನುಷ್ಯರಾದೆವು.

ಅವನು ಅಲ್ಲಿಗೆ ಹತ್ತಿದ್ದು ಹುಚ್ಚಿನಿಂದಲ್ಲ. ತಾರಸಿಯಲ್ಲಿ ಡಿಶ್ ಹಾಕಬಾರದು ಅಂತ ಅಸೋಸಿಯೇಶನ್ನಿನ ನಿಯಮ. ವಾಟರ್‌ಪ್ರೂಫಿಂಗ್ ಹಾಳಾಗುತ್ತೆ, ಬಿಲ್ಡಿಂಗಿನ ಅಂದ ಕೆಡುತ್ತೆ, ಬೀಗದ ಕೈ ಸೆಕ್ರೆಟರಿ ಹತ್ತಿರ ಇದೆ, ಅವರು ಊರಲ್ಲಿಲ್ಲ. ತಾರಸಿಗೆ ನೀರು ಸೋರೋದರ ಬಗ್ಗೆ ನಾವು ಮೂರು ಮೀಟಿಂಗ್ ಮಾಡ್ತೀವಿ. ಗೋಡೆ ಮೇಲಿಂದ ಮನುಷ್ಯ ಬೀಳೋದರ ಬಗ್ಗೆ ಒಂದೂ ಇಲ್ಲ. ನಿಜವಾಗಿ ಬೇಕಿರೋದು ತಾರಸಿಯ ಒಂದು ಮೂಲೆಯಲ್ಲಿ ನಾಲ್ಕು ಕಬ್ಬಿಣದ ಕಂಬ ಮತ್ತು ಮನೆಮನೆಗೆ ಕೇಬಲ್ ಇಳಿಸೋಕೆ ಒಂದು ಪೈಪು. ಕಂಬವನ್ನು ತಾರಸಿಗೆ ತೂತು ಕೊರೆದೇ ನಿಲ್ಲಿಸಬೇಕಂತಿಲ್ಲ, ಭಾರದ ಕಾಂಕ್ರೀಟ್ ಅಚ್ಚಿನಲ್ಲಿ ನೆಟ್ಟು ಇಟ್ಟರೂ ನಿಲ್ಲುತ್ತೆ.

ಹಾಗಾಗಿ ನನ್ನದೊಂದು ಸರಳ ಪರೀಕ್ಷೆ ಇದೆ. ‘ಇದನ್ನು ನಾನೇ ಯಾಕೆ ಮಾಡಬಾರದು?’ ಅಂತ ಕೇಳಿಕೊಳ್ಳಿ. ‘ಗೊತ್ತಿಲ್ಲ’ ಅನ್ನೋದು ಉತ್ತರವಾದರೆ ಕಲೀರಿ, ಒಂದು ಬೆಳಗಿನ ಕೆಲಸ. ‘ಪುರುಸೊತ್ತಿಲ್ಲ’ ಅನ್ನೋದಾದರೆ ಜನ ಕರೀರಿ, ತಪ್ಪೇನಿಲ್ಲ. ಆದರೆ ಅವನ ಜೊತೆ ತಾರಸಿಗೆ ಹೋಗಿ, ಕ್ವಾಲಿಟಿ ಅಂಕಿ ತೋರಿಸು ಅನ್ನಿ, ಆ ಇನ್ನೊಂದರ್ಧ ಗಂಟೆಗೆ ಕೈಯಿಂದ ದುಡ್ಡು ಕೊಡಿ. ‘ಬಿದ್ದುಬಿಡ್ತೀನೇನೋ ಅಂತ ಭಯ’ ಅನ್ನೋದಾದರೆ ಸುಮ್ಮನೆ ಫೋನ್ ಎತ್ತಬೇಡಿ. ನೀವು ಬೀಳೋ ಜಾಗದಲ್ಲಿ ಅವನೂ ಬೀಳ್ತಾನೆ. ಹಗ್ಗ, ಬೆಲ್ಟು ತರೋರನ್ನು ಹುಡುಕಿ, ಅದಕ್ಕೆ ತಕ್ಕ ಹಣ ಕೊಡಿ. ಅಂಥವರು ಸಿಗದಿದ್ದರೆ ಜಾಗ ಬದಲಾಯಿಸಿ. ಜಾಗವೂ ಇಲ್ಲದಿದ್ದರೆ ಕೇಬಲ್ಲಿನವನೇ ಡಿಜಿಟಲ್ ಬಾಕ್ಸ್ ಕೊಡ್ತಾನೆ, ಅದರಲ್ಲೂ ಅದೇ ಧಾರಾವಾಹಿ ಬರುತ್ತೆ.

ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ಮೀಟಿಂಗ್ ಯಾವಾಗ? ಪಾರ್ಕಿಂಗ್ ಜಗಳ ಶುರುವಾಗೋ ಮುಂಚೆ ಆ ನಾಲ್ಕು ಕಂಬದ ವಿಷಯ ಎತ್ತಿ. ಸೆಕ್ರೆಟರಿ ‘ಅದು ಕಂಪನಿಯವರ ತಲೆನೋವು ಬಿಡಿ’ ಅಂದರೆ, ಅವರನ್ನು ನಾಲ್ಕನೇ ಮಹಡಿಯ ಸಜ್ಜೆ ಮೇಲೆ ಎರಡೇ ನಿಮಿಷ ನಿಂತು ಬರೋಕೆ ಹೇಳಿ.