ಒಂದು ಸ್ವಿಚ್ಚು, 400 ಆಂಪಿಯರ್

ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿರುವ ಮಿತ್ರರೊಬ್ಬರ ಜೀಪಿನ ಮುಂದೆ ಒಂದು ವಿಂಚ್ ಇದೆ. ಮಳೆಗಾಲದಲ್ಲಿ ತೋಟದ ರಸ್ತೆ ಕೆಸರುಗದ್ದೆಯಾಗಿ ಜೀಪು ಹೂತುಕೊಂಡಿತೆನ್ನಿ. ವಿಂಚಿನ ಉಕ್ಕಿನ ಹಗ್ಗ ಬಿಚ್ಚಿ, ಎದುರಿನ ಗಟ್ಟಿ ಮರಕ್ಕೆ ಅಗಲವಾದ ಪಟ್ಟಿ ಸುತ್ತಿ, ಕೊಕ್ಕೆ ಹಾಕಿದರಾಯಿತು. ಬ್ಯಾಟರಿಯಿಂದ ತಿರುಗುವ ಮೋಟಾರು ಹಗ್ಗ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ.

ತೊಂದರೆ ಒಂದೇ. ಅದನ್ನು ನಡೆಸುವ ಗುಂಡಿ ಉದ್ದನೆಯ ವೈರಿನ ತುದಿಯಲ್ಲಿತ್ತು. ಸುರಿಯುವ ಮಳೆಯಲ್ಲಿ ಒಬ್ಬರು ಹೊರಗೆ ನಿಂತು ಗುಂಡಿ ಒತ್ತಬೇಕು, ಇನ್ನೊಬ್ಬರು ಒಳಗೆ ಕೂತು ಸ್ಟಿಯರಿಂಗ್ ಹಿಡಿಯಬೇಕು. ಪಿ.ಯು.ಸಿ. ಓದುತ್ತಿದ್ದ ಮಗನಿಗೆ ಇದು ಸರಿಕಾಣಲಿಲ್ಲ. ‘ಅಪ್ಪಾ, ಡ್ಯಾಶ್‌ಬೋರ್ಡಿಗೇ ಒಂದು ಸ್ವಿಚ್ ಹಾಕಿಬಿಡ್ತೀನಿ’ ಎಂದ. ‘ಪರೀಕ್ಷೆ ಹತ್ತಿರ ಬಂತು ಮಾರಾಯ, ಮೊದಲು ಪುಸ್ತಕ ಹಿಡಿ’ ಎಂದರು ಅಪ್ಪ. ಇಂಥ ಸಂಭಾಷಣೆ ನಡೆಯದ ಮನೆ ಯಾವುದು ಹೇಳಿ?

ಹುಡುಗ ಕೇಳಲಿಲ್ಲ. ಪೇಟೆಯಿಂದ ಮನೆಯ ದೀಪಕ್ಕೆ ಹಾಕುವಂಥ ಸಣ್ಣ ವೈರು ತಂದ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮೋಟಾರಿಗೆ ಎಳೆಯುವುದು ಅವನ ಯೋಚನೆ. ಜೀಪು ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಅದನ್ನು ನೋಡಿ ನಕ್ಕ. ‘ಅಲ್ಲ ಮರಿ, ಈ ವೈರಲ್ಲಿ ವಿಂಚ್ ಓಡಿಸ್ತೀಯಾ? ಬೀಡಿ ಹಚ್ಕೋಬಹುದು ಅಷ್ಟೆ.’

ಯಾಕೆ ಎಂಬುದಕ್ಕೆ ಉತ್ತರ ಹುಡುಗನ ಪಠ್ಯಪುಸ್ತಕದಲ್ಲೇ ಇತ್ತು. ಸುಮಾರು ನಾಲ್ಕು ಟನ್ ಎಳೆಯುವ 12 ವೋಲ್ಟಿನ ವಿಂಚ್ ಪೂರ್ಣ ಭಾರ ಬಿದ್ದಾಗ 400 ಆಂಪಿಯರಿನಷ್ಟು ವಿದ್ಯುತ್ ಕೇಳುತ್ತದೆ. ಹುಡುಗ ತಂದ ತಾಮ್ರದ ವೈರು 1.5 ಚದರ ಮಿಲಿಮೀಟರಿನದು. ಮೂರು ಮೀಟರ್ ಉದ್ದಕ್ಕೆ ಅದರ ರೋಧ ಸುಮಾರು 0.035 ಓಮ್. ಅತ್ಯಲ್ಪ ಎನಿಸುತ್ತದೆ, ಅಲ್ಲವೆ? 400ರಿಂದ ಗುಣಿಸಿ ನೋಡಿ: 14 ವೋಲ್ಟ್! ಬ್ಯಾಟರಿಯಲ್ಲಿರುವುದೇ 12. ಅಂದರೆ ವಿಂಚಿಗೆ ಬೇಕಾದಷ್ಟು ವಿದ್ಯುತ್ ಆ ವೈರಿನಲ್ಲಿ ಹರಿಯಲಾರದು. ಹರಿದಷ್ಟೂ ವೈರನ್ನೇ ಕೆಂಪಗೆ ಕಾಯಿಸಿ ಮೇಲಿನ ಪ್ಲಾಸ್ಟಿಕ್ ಸುಡುತ್ತದೆ. ಬೆರಳು ಗಾತ್ರದ, 35 ಚದರ ಮಿಲಿಮೀಟರಿನ ಕೇಬಲ್ ಆದರೆ ಅಷ್ಟೇ ಉದ್ದಕ್ಕೆ ನಷ್ಟ ಕೇವಲ 0.6 ವೋಲ್ಟ್. ಆದರೆ ಅಂಥ ಕೇಬಲನ್ನು ಡ್ಯಾಶ್‌ಬೋರ್ಡಿಗೆ ತಂದು, 400 ಆಂಪಿಯರ್ ತಡೆಯುವ ಸ್ವಿಚ್ಚನ್ನು ಅಲ್ಲಿ ಕೂರಿಸಲಾದೀತೆ?

ಬೇಕಾಗಿಲ್ಲ. ನಿಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೆನಪಿಸಿಕೊಳ್ಳಿ. ಹಸಿರು ಗುಂಡಿ ಒತ್ತಿದೊಡನೆ ಪೆಟ್ಟಿಗೆಯೊಳಗೆ ‘ಟಕ್’ ಎನ್ನುತ್ತದೆ. ಗುಂಡಿ ಮೋಟಾರನ್ನು ನೇರವಾಗಿ ಓಡಿಸುವುದಿಲ್ಲ. ಅದು ಒಂದು ತಂತಿಯ ಸುರುಳಿಗೆ ವಿದ್ಯುತ್ ಕೊಡುತ್ತದೆ. ಸುರುಳಿ ಕಾಂತವಾಗಿ ಕಬ್ಬಿಣದ ತುಂಡನ್ನು ಸೆಳೆಯುತ್ತದೆ, ಆ ತುಂಡು ದೊಡ್ಡ ಸಂಪರ್ಕವನ್ನು ಕೂಡಿಸುತ್ತದೆ. ಇದೇ ರಿಲೇ ತತ್ತ್ವ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೇ ಇದನ್ನು ಮಾಡಿ ತೋರಿಸಿದ್ದ. ಸಣ್ಣ ವಿದ್ಯುತ್ತು ದೊಡ್ಡ ವಿದ್ಯುತ್ತಿಗೆ ಅಪ್ಪಣೆ ಕೊಡುವುದು, ಮಾವುತ ಆನೆಗೆ ಅಪ್ಪಣೆ ಕೊಟ್ಟಂತೆ.

ವಿಂಚಿನ ಪೆಟ್ಟಿಗೆಯಲ್ಲೂ ಇಂಥ ಸುರುಳಿಗಳು ಮೊದಲೇ ಇರುತ್ತವೆ. ಒಂದು ಕಡೆಯದು ಹಗ್ಗ ಸುತ್ತಲು, ಇನ್ನೊಂದು ಬಿಡಲು. ಅವುಗಳಿಗೆ ಸಾಕಾಗುವುದು ಕೆಲವೇ ಆಂಪಿಯರ್. ದಪ್ಪ ಕೇಬಲ್‌ಗಳನ್ನು ಮುಟ್ಟದೆ, ಈ ಸುರುಳಿಗಳಿಗೆ ಹೋಗುವ ಸಣ್ಣ ವೈರುಗಳನ್ನಷ್ಟೇ ಡ್ಯಾಶ್‌ಬೋರ್ಡಿಗೆ ತಂದರೆ ಆಯಿತು. ಹುಡುಗ ತಂದ ವೈರು ವ್ಯರ್ಥವಾಗಲಿಲ್ಲ!

ಮೆಕ್ಯಾನಿಕ್ ಹೇಳಿಕೊಟ್ಟ, ಹುಡುಗ ಮಾಡಿದ. ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಕಳಚಿದರು. ಜೀಪಿನ ಮೈಯೆಲ್ಲ ನೆಗೆಟಿವ್ ಆದ್ದರಿಂದ, ಅದನ್ನು ಬಿಡಿಸದೆ ಪಾಸಿಟಿವ್‌ಗೆ ಸ್ಪ್ಯಾನರ್ ಹಾಕಿ ಅದು ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ. ವೈರು ತಗಡಿನ ಗೋಡೆ ದಾಟುವಲ್ಲಿ ರಬ್ಬರ್ ಬುಷ್ ಹಾಕಿದರು, ಇಲ್ಲವಾದರೆ ತಗಡಿನ ಅಂಚು ದಿನಾ ತಿಕ್ಕಿ ತಿಕ್ಕಿ ವೈರನ್ನು ಕುಯ್ಯುತ್ತದೆ. ಬ್ಯಾಟರಿಗೆ ಹತ್ತಿರದಲ್ಲೇ ಒಂದು ಫ್ಯೂಸು. ಸ್ವಿಚ್ಚು ಮಾತ್ರ ಕೈಬಿಟ್ಟೊಡನೆ ತಾನೇ ನಡುವಿಗೆ ಮರಳಿ ಆಫ್ ಆಗುವಂಥದ್ದು. ಸಂಜೆಯ ಹೊತ್ತಿಗೆ ಅಪ್ಪನೂ ಬೆನ್ನು ತಟ್ಟಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಎರಡು ದಿನದ ಮೇಲೆ ಅಪ್ಪ ಸಡಿಲವಾದ ಹಗ್ಗವನ್ನು ಕೈಯಿಂದ ಸರಿಪಡಿಸುತ್ತಿದ್ದರು. ಜೀಪಿನೊಳಗೆ ಆಡುತ್ತಿದ್ದ ಆರು ವರ್ಷದ ಮಗಳು ಹೊಸ ಸ್ವಿಚ್ಚು ಕಂಡು ಒತ್ತಿದಳು. ಕೀಲಿ ಮನೆಯಲ್ಲಿತ್ತು. ಆದರೂ ಉರುಳೆ ತಿರುಗಿತು! ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡದ್ದರಿಂದ ಕೈಗವಸಿನ ತುದಿ ಮಾತ್ರ ಹಗ್ಗದಡಿ ಸಿಕ್ಕಿತು. ಕ್ಷಣ ತಡವಾಗಿದ್ದರೆ ಬೆರಳುಗಳು ಉಳಿಯುತ್ತಿರಲಿಲ್ಲ.

ತಪ್ಪು ಎಲ್ಲಿತ್ತು? ವೈರಿಂಗ್ ಸರಿಯಾಗೇ ಇತ್ತು. ಆದರೆ ಸ್ವಿಚ್ಚಿಗೆ ವಿದ್ಯುತ್ತನ್ನು ನೇರ ಬ್ಯಾಟರಿಯಿಂದ ಕೊಟ್ಟಿದ್ದರು. ಗುಂಡಿ ಹೊರಗೆ ಕೈಯಲ್ಲಿದ್ದಾಗ ಅದನ್ನು ಒತ್ತುವವನಿಗೆ ಹಗ್ಗ ಕಾಣುತ್ತಿತ್ತು, ಕೆಲಸ ಮುಗಿದ ಮೇಲೆ ವೈರನ್ನು ಕಿತ್ತಿಡುತ್ತಿದ್ದರು. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಕಣ್ಣೂ ಇಲ್ಲ, ಕಿತ್ತಿಡುವ ಹಾಗೂ ಇಲ್ಲ.

ಅಪ್ಪ ಮಗನನ್ನು ಬೈಯಲಿಲ್ಲ, ಸ್ವಿಚ್ಚನ್ನು ಕಿತ್ತೆಸೆಯಲೂ ಇಲ್ಲ. ಇಬ್ಬರೂ ಕೂತು ವೈರಿಂಗ್ ಬದಲಿಸಿದರು. ಈಗ ಕೀಲಿ ತಿರುಗಿಸಿದರೆ ಮಾತ್ರ ಸ್ವಿಚ್ಚಿಗೆ ವಿದ್ಯುತ್ ಬರುತ್ತದೆ. ಅದರ ಜೊತೆಗೆ ಮುಚ್ಚಳವಿರುವ ಇನ್ನೊಂದು ಮುಖ್ಯ ಸ್ವಿಚ್ಚನ್ನೂ ಹಾಕಿದ್ದಾರೆ. ಹಗ್ಗ ಮುಟ್ಟುವವರು ಮೊದಲು ಅದನ್ನು ಆಫ್ ಮಾಡಿ, ಕೀಲಿಯನ್ನು ತಮ್ಮ ಜೇಬಿಗೇ ಹಾಕಿಕೊಳ್ಳಬೇಕು ಎಂಬುದು ಆ ಮನೆಯ ಕಟ್ಟುನಿಟ್ಟು.

ತಂದೆತಾಯಿಯರೇ, ಮಕ್ಕಳು ಸ್ಪ್ಯಾನರ್ ಹಿಡಿದರೆ ಓದು ಕೆಟ್ಟಿತೆಂದು ಹೆದರಬೇಡಿ. ಓಂನ ನಿಯಮ ಆ ಹುಡುಗನಿಗೆ ಇನ್ನು ಮರೆಯುವಂತಿಲ್ಲ. ಆದರೆ ಪಕ್ಕದಲ್ಲಿ ತಿಳಿದವರೊಬ್ಬರು ಇರಲಿ. ವಿದ್ಯಾರ್ಥಿಗಳೇ, ಏನನ್ನೇ ಜೋಡಿಸಿದರೂ ‘ಇದು ಕೆಲಸ ಮಾಡುತ್ತದೆಯೇ’ ಎಂದು ಕೇಳಿಕೊಂಡ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ‘ಗೊತ್ತಿಲ್ಲದವರು ಇದನ್ನು ಮುಟ್ಟಿದರೆ ಯಾರ ಕೈ ಎಲ್ಲಿರುತ್ತದೆ?’ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅಂಕವಿಲ್ಲ. ಆದರೂ ಉತ್ತರಿಸಲೇಬೇಕು.