ಬೋರ್ಡಿನಿಂದ ಇಳಿಯುವ ಉತ್ತರ

ಕನ್ನಡ ಮಾಧ್ಯಮದ ಯಾವುದಾದರೂ ಶಾಲೆಯಲ್ಲಿ ಏಳನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ತಿರುವಿ ನೋಡಿ. ಒಂದೇ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರದೂ ಅದೇ ಮೂರು ಸಾಲು, ಬೋರ್ಡಿನ ಮೇಲೆ ಮೇಷ್ಟ್ರು ಬರೆದದ್ದು. ಅಕ್ಷರ ಕೂಡಿಸಿ ಓದಲು ತಡವರಿಸುವ ಹುಡುಗನೂ ಅದನ್ನೇ ಬರೆದಿರುತ್ತಾನೆ, ಮೊಬೈಲಿನಲ್ಲಿ ಕಾರ್ಟೂನು ನೋಡಿಯೇ ಪಟಪಟ ಇಂಗ್ಲಿಷ್ ಕಲಿತ ಹುಡುಗಿಯೂ ಅದನ್ನೇ. ಕೆಂಪು ಶಾಯಿಯ ಟಿಕ್ಕು ಇಬ್ಬರಿಗೂ.

ಪಠ್ಯಪುಸ್ತಕ ಬದಲಾದಾಗಲೆಲ್ಲ ಅದು ಸುಲಭವಾಯಿತೋ ಕಷ್ಟವಾಯಿತೋ ಎಂಬ ಜಗಳ ಏಳುತ್ತದೆ. ಪಾಠ ಎಂಥದ್ದೇ ಇರಲಿ, ಉತ್ತರ ಬೋರ್ಡಿನಿಂದ ಇಳಿದು ಬರುವಷ್ಟು ದಿನ ಅದು ಯಾವ ಮಗುವನ್ನೂ ಕೆಣಕುವುದಿಲ್ಲ. ‘ನಿನ್ನ ಅಭಿಪ್ರಾಯ ಬರೆ’ ಎಂಬ ಪ್ರಶ್ನೆಗೂ ಗೈಡಿನಲ್ಲಿ ಉತ್ತರ ಅಚ್ಚಾಗಿರುವ ನಾಡು ನಮ್ಮದು!

2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸುತ್ತಿದ್ದೇವೆ. ಏಳನೆಯದಕ್ಕೆ ಬರುವ ಹೊತ್ತಿಗೆ ಆರು ವರ್ಷದ ಕಲಿಕೆ ಮುಗಿದಿರುತ್ತದೆ. ಆದರೂ ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದ ಅಸರ್ 2023ರ ಸಮೀಕ್ಷೆಯಲ್ಲಿ, 14ರಿಂದ 18 ವಯಸ್ಸಿನವರ ಪೈಕಿ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3 ಮಾತ್ರ. ಹೀಗೆ ಓದಬಲ್ಲವರೂ ಓದಲಾಗದವರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.

ಇದಕ್ಕೆ ದಾರಿ ನಮ್ಮಲ್ಲೇ ಹುಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿಕಲಿ’ ಬೋಧನಾ ಪದ್ಧತಿಯಲ್ಲಿ ಮಗು ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಹತ್ತುತ್ತದೆ. ಒಬ್ಬರು ಟೀಚರ್ ಹತ್ತಿರ, ಇನ್ನೊಬ್ಬರು ಗೆಳೆಯರ ಜೊತೆ, ಮತ್ತೊಬ್ಬರು ತಾವೇ ಕೂತು ಕಲಿಯುತ್ತಾರೆ. ಮೂರನೇ ತರಗತಿ ದಾಟಿದರೆ ಆ ಏಣಿಯನ್ನು ತೆಗೆದಿಟ್ಟು ಎಲ್ಲರಿಗೂ ಒಂದೇ ಪಾಠ, ಒಂದೇ ಪ್ರಶ್ನೆ. ಅಂತರ ಹಿಗ್ಗುವ ವಯಸ್ಸಿನಲ್ಲೇ ಏಣಿ ಬೇಡವಾಗುವುದು ಯಾವ ತರ್ಕವೋ ಕಾಣೆ.

ಹಾಗೆಂದು ಜಾಣರಿಗೊಂದು ಸೆಕ್ಷನ್, ‘ದಡ್ಡ’ರಿಗೊಂದು ಸೆಕ್ಷನ್ ಮಾಡಿದರೆ ಹಿಂದಿನ ಬೆಂಚಿಗೆ ಗೋಡೆ ಕಟ್ಟಿದ ಹಾಗೆ. ಕಥೆ ಒಂದೇ ಇರಲಿ, ಕೆಲಸ ಬೇರೆಯಾಗಲಿ. ತಡವರಿಸುವವನು ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ, ಅದರಲ್ಲಿ ಒಂದು ವಾಕ್ಯವನ್ನಾದರೂ ತನ್ನದೇ ಇಂಗ್ಲಿಷಿನಲ್ಲಿ ಬರೆಯಲಿ. ಪಟಪಟ ಇಂಗ್ಲಿಷ್ ಬಲ್ಲ ಹುಡುಗಿ ಅದೇ ಕಥೆಯನ್ನು ಇನ್ನೊಂದು ಪಾತ್ರದ ಬಾಯಿಂದ ಹೇಳಿಸಲಿ. ರೂಪಣಾತ್ಮಕ ಮೌಲ್ಯಮಾಪನದ ಅಂಕ ಶಿಕ್ಷಕರ ಕೈಯಲ್ಲೇ ಇರುವುದರಿಂದ ಇದಕ್ಕೆ ಹೊಸ ಪಠ್ಯವೇನೂ ಬೇಡ.

ತೊಡಕು ಬೇರೆ ಕಡೆ ಇದೆ. ಪಾಸಾಗುವಷ್ಟನ್ನು ಮಾತ್ರ ಕಲಿಸುವ ಎಸ್ಸೆಸ್ಸೆಲ್ಸಿಯ ‘ಪಾಸಿಂಗ್ ಪ್ಯಾಕೇಜ್’ ಮನೋಭಾವ ಏಳನೇ ಕ್ಲಾಸಿಗೂ ಜಿನುಗಿದೆ. ಸ್ವಂತ ವಾಕ್ಯ ಬರೆದ ನೋಟ್‌ಬುಕ್ಕಿನಲ್ಲಿ ಕಾಗುಣಿತ ತಪ್ಪುತ್ತದೆ, ಕ್ರಿಯಾಪದ ಎಡವುತ್ತದೆ, ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಶಾಲೆಗೆ ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೂ (ಸಿಆರ್‌ಪಿ) ‘ನೋಟ್ಸ್ ಕಂಪ್ಲೀಟ್ ಆಗಿದೆಯಾ’ ಎಂದು ಕೇಳಿದರೆ ಮೇಷ್ಟ್ರು ಇನ್ನೇನು ಮಾಡಿಯಾರು? ಸಿಆರ್‌ಪಿ ಆ ಪ್ರಶ್ನೆಯ ಬದಲು ಮಕ್ಕಳು ಹಿಂದೆಂದೂ ಓದಿರದ ಅರ್ಧ ಪುಟದ ಕಥೆಯೊಂದನ್ನು ಕೊಟ್ಟು, ಏನು ಅರ್ಥವಾಯಿತೆಂದು ಕೇಳಲಿ.