ಅಜ್ಜಿಯ ಹಾಡಿಗೆ ಎಷ್ಟು ‘ಗುಂಯ್’ ಬೇಕು?

ನಮ್ಮ ಸುಂಕಸಾಳದ ಮಕ್ಕಳು ಈಗ ಮೊಬೈಲಿನಲ್ಲೇ ಹಾಡು ರೆಕಾರ್ಡ್ ಮಾಡುತ್ತಾರೆ. ಆಮೇಲೆ ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಸಿನಿಮಾ ಹಾಡಿನ ಹಾಗೆ ಗುಂಯ್ ಅನ್ನಬೇಕು, ಯಾವ ಆ್ಯಪ್ ಹಾಕಿಕೊಳ್ಳಲಿ?’ ಈ ‘ಗುಂಯ್’ಗೆ ರಿವರ್ಬ್ ಎನ್ನುತ್ತಾರೆ. ಕನ್ನಡದಲ್ಲಿ ಅನುರಣನೆ. ಆ್ಯಪ್ ಆರಿಸುವ ಮುಂಚೆ ಅದೇನೆಂದು ತಿಳಿಯೋಣ.

ಮಕ್ಕಳೇ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 17 ಮೀಟರಿಗಿಂತ ದೂರದ ಗೋಡೆಗೆ ತಾಗಿ ಮರಳಿದರೆ ಅದು ಬೇರೆಯಾಗಿ ಕೇಳಿಸುತ್ತದೆ. ಅದೇ ಪ್ರತಿಧ್ವನಿ. ಕೋಣೆಯ ಗೋಡೆ, ನೆಲ, ಮಾಡುಗಳಿಗೆ ತಾಗಿದ ಸದ್ದುಗಳೆಲ್ಲ ಒಂದರ ಮೇಲೊಂದು ಬಿದ್ದು, ಬಾಲದಂತೆ ಉಳಿದು ನಿಧಾನವಾಗಿ ಆರಿದರೆ ಅನುರಣನೆ. ವಿಜಯಪುರದಲ್ಲಿ 1656ರಲ್ಲಿ ಮುಗಿದ ಗೋಳಗುಮ್ಮಟದೊಳಗೆ ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದೆ. ಚಪ್ಪಾಳೆಗೇನೋ ಅದು ಚೆಂದ. ಆದರೆ ಅಲ್ಲಿ ನಿಂತು ಕತೆ ಹೇಳಿದರೆ ಮಾತೆಲ್ಲ ಕಲಸಿಹೋಗುತ್ತದೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಸಭಾಂಗಣಕ್ಕೂ ಇದೇ ತೊಂದರೆ ಇತ್ತು. ಆಡಿದ ಮಾತು 5.5 ಸೆಕೆಂಡು ಅಲ್ಲೇ ಸುಳಿದಾಡುತ್ತಿತ್ತು. ವ್ಯಾಲೇಸ್ ಸೇಬಿನ್ ಎಂಬ ಭೌತಶಾಸ್ತ್ರದ ಮೇಷ್ಟ್ರು ರಂಗಮಂದಿರದ ಆಸನಗಳ ಮೆತ್ತೆಗಳನ್ನು ತರಿಸಿ ಅಲ್ಲಿ ಹರಡಿ ಅಳೆದರು. ಮೆತ್ತೆ ಹೆಚ್ಚಿದಂತೆ ಸದ್ದಿನ ಬಾಲ ಗಿಡ್ಡವಾಯಿತು.

ರಿವರ್ಬ್ ಆ್ಯಪ್ ಇದರ ತಿರುಗುಮುರುಗು ಕೆಲಸ ಮಾಡುತ್ತದೆ. ನಿಮ್ಮ ದನಿಯ ನಕಲುಗಳನ್ನು ಚೂರುಚೂರೇ ತಡಮಾಡಿ, ಮೆಲ್ಲಗಾಗಿಸಿ ಸೇರಿಸುತ್ತದೆ. ಒಂದು ಮಾತು ನೆನಪಿಡಿ. ಮಜ್ಜಿಗೆಗೆ ಉಪ್ಪು ಆಮೇಲೂ ಹಾಕಬಹುದು, ಹಾಕಿದ್ದನ್ನು ತೆಗೆಯಲಾಗದು. ರಿವರ್ಬ್ ಕೂಡ ಹಾಗೆಯೇ, ಬೆರೆತ ಮೇಲೆ ಪೂರ್ತಿ ಬಿಡಿಸಲು ಬರುವುದಿಲ್ಲ.

ಹಾಗಾಗಿ ಮೊದಲ ಪರೀಕ್ಷೆ: ಮೂಲ ದನಿ ಹಾಗೇ ಉಳಿಯುತ್ತದೆಯೇ? ಐಫೋನಿನಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ. ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್‌ಲ್ಯಾಬ್ ಉಚಿತವಾಗಿ ಸಿಗುತ್ತದೆ. ಎರಡರಲ್ಲೂ ರಿವರ್ಬ್ ಎಂಬುದು ದನಿಗೆ ಹೊದಿಸಿದ ಶಾಲು, ಬೇಡವಾದರೆ ತೆಗೆಯಬಹುದು. ಬ್ಯಾಂಡ್‌ಲ್ಯಾಬಿಗೆ ಖಾತೆ ಬೇಕು. ಅದನ್ನು ಮನೆಯ ದೊಡ್ಡವರೇ ತೆರೆಯಲಿ, ಹಾಡನ್ನು ಖಾಸಗಿಯಾಗಿಯೇ ಇಡಲಿ.

ಎರಡನೆಯದು, ಬರೀ ‘ಹಾಲ್’, ‘ಸ್ಟುಡಿಯೋ’ ಎಂಬ ಗುಂಡಿಗಳಿದ್ದರೆ ಸಾಲದು. ಎಷ್ಟು ಬೆರೆಸಬೇಕೆಂಬ ‘ಮಿಕ್ಸ್’, ಬಾಲ ಎಷ್ಟುದ್ದ ಎಂಬ ‘ಡಿಕೇ’ ಬೇರೆಬೇರೆ ಇದ್ದರೆ ಒಳ್ಳೆಯದು. ಹಾಡಿನ ದನಿಗೆ ಸ್ವಲ್ಪ ಬಾಲ ಒಪ್ಪುತ್ತದೆ. ಗುಮಟೆಯ ಪೆಟ್ಟಿಗೆ ತೀರಾ ಚಿಕ್ಕದಿರಲಿ. ಇಲ್ಲವಾದರೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ತಾಳವೇ ಸಿಗುವುದಿಲ್ಲ.

ಮೂರನೆಯದು ಚಪ್ಪಾಳೆ ಪರೀಕ್ಷೆ. ಒಂದೇ ಒಂದು ಚಪ್ಪಾಳೆ ರೆಕಾರ್ಡ್ ಮಾಡಿ, ರಿವರ್ಬ್ ಹಚ್ಚಿ, ಇಯರ್‌ಫೋನಿನಲ್ಲಿ ಕೇಳಿ. ಬಾಲ ನುಣ್ಣಗೆ ಆರಿದರೆ ಆ್ಯಪ್ ಪಾಸು. ತಗಡು ಬಡಿದಂತೆ ಝಣಗುಟ್ಟಿದರೆ ಬೇರೆಯದನ್ನು ನೋಡಿ.

ನಾಲ್ಕನೆಯದು, ಹಾಡು ಹಿಡಿಯಲು ಮೈಕಿನ ಅನುಮತಿ ಬೇಕೇ ಬೇಕು. ಫೋನಿನಲ್ಲಿರುವ ನಂಬರುಗಳೆಲ್ಲ ಯಾಕೆ? ಕೇಳಿದರೆ ಕೊಡಬೇಡಿ. ‘7 ದಿನ ಉಚಿತ’ ಎಂದಿದ್ದರೆ ಎಂಟನೆಯ ದಿನ ಏನಾಗುತ್ತದೆಂದು ದೊಡ್ಡವರಿಂದ ಓದಿಸಿ.

ಇಷ್ಟೆಲ್ಲ ಯಾಕೆಂದರೆ, ನಮ್ಮ ಸೀಮೆಯ ಎಷ್ಟೋ ಹಾಡುಗಳು ಪುಸ್ತಕದಲ್ಲಿಲ್ಲ, ಬಾಯಲ್ಲಿವೆ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಹಾಲಕ್ಕಿ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಇನ್ನು ಅವರ ದನಿ ನಮಗೆ ಸಿಗುವುದು ಹಿಡಿದಿಟ್ಟ ಹಾಡುಗಳಲ್ಲಿ ಮಾತ್ರ. ನಿಮ್ಮ ಮನೆಯ ಅಜ್ಜಿಯ ಹಾಡಿನಲ್ಲೂ ಇಂದು ಯಾರೂ ಆಡದ ಒಂದೆರಡು ಶಬ್ದಗಳಿರಬಹುದು. ಅವು ‘ಗುಂಯ್’ನಲ್ಲಿ ಮುಳುಗಿಹೋದರೆ ನಿಮ್ಮ ಮಕ್ಕಳಿಗೆ ಬಿಡಿಸಿ ಹೇಳಲು ಯಾರೂ ಇರುವುದಿಲ್ಲ.

ಹಿಡಿಯುವಾಗ ಹುಬ್ಬಳ್ಳಿ ರಸ್ತೆಯ ಲಾರಿಗಳ ಸದ್ದು ಬಾರದ ಒಳಕೋಣೆ ಆರಿಸಿ. ಫ್ಯಾನ್ ನಿಲ್ಲಿಸಿ. ಸೇಬಿನ್ ಮೇಷ್ಟ್ರ ಮೆತ್ತೆಯ ಹಾಗೆ ಸುತ್ತ ಕಂಬಳಿ, ಹಾಸಿಗೆ ಇರಲಿ. ಮೊಬೈಲು ಅಜ್ಜಿಯ ಬಾಯಿಂದ ಒಂದೂವರೆ ಗೇಣು ದೂರವಿರಲಿ.

ಅಜ್ಜ ಅಜ್ಜಿಯರೇ, ಕೊನೆಯ ಪರೀಕ್ಷೆ ನಿಮ್ಮದು. ಮೊಮ್ಮಕ್ಕಳು ರಿವರ್ಬ್ ಹಚ್ಚಿದ ಹಾಡನ್ನು ಕಣ್ಣುಮುಚ್ಚಿ ಕೇಳಿ. ಒಂದೊಂದು ಮಾತೂ ತಿಳಿದರೆ ಸರಿ, ಎಲ್ಲಾದರೂ ತಡವರಿಸಿದರೆ ‘ಮಿಕ್ಸ್ ಕಡಿಮೆ ಮಾಡು’ ಎನ್ನಿ. ಮಕ್ಕಳೇ, ಎರಡು ಪ್ರತಿ ಇಡಿ. ‘ಗುಂಯ್’ ಇರುವುದನ್ನು ಗೆಳೆಯರಿಗೆ ಕೇಳಿಸಿ. ಇಲ್ಲದ್ದಕ್ಕೆ ಹಾಡಿದವರ ಹೆಸರು, ಊರು, ತಾರೀಕು ಬರೆದು ಜೋಪಾನವಾಗಿಡಿ.